ಪರ್ಮಿಟ್ ಬಂದು ಆರು ತಿಂಗಳಾಯ್ತು, ಇನ್ನು ಲೈಸೆನ್ಸ್ ಸಿಗುತ್ತಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗನಿಗೆ ಈಗ ತಾನೇ 16 ತುಂಬಿತು. ಲರ್ನರ್ಸ್ ಪರ್ಮಿಟ್ ಕೈಗೆ ಬಂದು ಆರು ತಿಂಗಳಾಗಿದೆ. ಡಿಎಂವಿಗೆ (ಲೈಸೆನ್ಸ್ ಕೊಡುವ ವಾಹನ ಇಲಾಖೆಗೆ) ಹೋಗಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಸಿಗುತ್ತೆ ಅಲ್ವಾ? ಆಮೇಲೆ ಅವನು ಗೆಳೆಯರನ್ನು ಕೂರಿಸಿಕೊಂಡು ಓಡಾಡಬಹುದಾ?

ಉತ್ತರ: ಲೈಸೆನ್ಸ್ ಸಿಗಬಹುದು. ಗೆಳೆಯರನ್ನು ಕೂರಿಸಿಕೊಳ್ಳೋದಕ್ಕೆ ಮಾತ್ರ ಇನ್ನೂ ಒಂದು ವರ್ಷ ಕಾಯಬೇಕು.

ಮೊದಲು ಆ ಆರು ತಿಂಗಳ ವಿಚಾರ. ಹೆಚ್ಚಿನ ಅಪ್ಪ ಅಮ್ಮಂದಿರು ಎಡವೋದು ಇಲ್ಲೇ. ಆರು ತಿಂಗಳು ನಾವು ಏನೂ ಮಾಡದಿದ್ದರೂ ಕಳೆಯುತ್ತವೆ. ಅದರ ಜೊತೆಗೆ ಕೇಳುವ 50 ಗಂಟೆ ಹಾಗಲ್ಲ. ಮಗ ದೊಡ್ಡವರ ಜೊತೆ ಕನಿಷ್ಠ 50 ಗಂಟೆ ಕಾರು ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಇದಲ್ಲದೆ ಲೈಸೆನ್ಸ್ ಇರುವ ಡ್ರೈವಿಂಗ್ ಶಾಲೆಯ ಇನ್‌ಸ್ಟ್ರಕ್ಟರ್ ಹತ್ತಿರ 6 ಗಂಟೆ ಪಾಠ.

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಗೊತ್ತೇ ಇರೋದಿಲ್ಲ. ಲಿಖಿತ ಪರೀಕ್ಷೆಯ 46 ಪ್ರಶ್ನೆಗಳಲ್ಲಿ 38 ಸರಿಮಾಡಿ ಪರ್ಮಿಟ್ ತಂದ ಸಂಜೆಯೇ ಮಗನ ಕೈಗೆ ಸ್ಟೀರಿಂಗ್ ಕೊಡುವ ಹಾಗಿಲ್ಲ. ಇನ್‌ಸ್ಟ್ರಕ್ಟರ್ ಜೊತೆ ಮೊದಲ ಪಾಠ ಶುರುವಾಗಿ, ಅವರು ಆ ಹಾಳೆಗೆ ಸಹಿ ಹಾಕಿದ ಮೇಲೇ ಅದು ಚಾಲ್ತಿಗೆ ಬರೋದು. ಆ ಪಾಠವನ್ನು ಮುಂದೂಡುತ್ತಾ ಹೋದರೆ ಪರ್ಮಿಟ್ ಡ್ರಾಯರ್‌ನಲ್ಲಿ ಮಲಗಿರುತ್ತೆ, ಮನೆಯವರ ಜೊತೆಗಿನ ಗಂಟೆಗಳು ಶುರುವೇ ಆಗೋದಿಲ್ಲ.

ಪಕ್ಕದಲ್ಲಿ ಯಾರು ಕೂರಬಹುದು ಅನ್ನೋದಕ್ಕೂ ನಿಯಮ ಇದೆ. ಅಪ್ಪ, ಅಮ್ಮ, ಗಾರ್ಡಿಯನ್, ಇಲ್ಲವೇ 25 ದಾಟಿದ ಇನ್ಯಾರಾದರೂ ಆಗಬಹುದು. ಅವರ ಹತ್ತಿರ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರಬೇಕು. ಕಾಲೇಜಿನಲ್ಲಿರುವ ಅಣ್ಣ ಚೆನ್ನಾಗಿ ಓಡಿಸುತ್ತಾನೆ ಅಂತ ಅವನನ್ನು ಕೂರಿಸಿದರೆ ನಡೆಯೋದಿಲ್ಲ. ಊರಿಂದ ಬಂದ ತಾತ ನಲವತ್ತು ವರ್ಷ ಕಾರು ಓಡಿಸಿದ್ದರೂ ಅಷ್ಟೇ, ಅವರು ಹಿಂದಿನ ಸೀಟಿನಲ್ಲಿ ಕೂತು ಬೈಯಬಹುದು, ಲೆಕ್ಕಕ್ಕೆ ಬರೋದಿಲ್ಲ.

ಈಗ 50 ಗಂಟೆಯನ್ನು ಆರು ತಿಂಗಳಿಗೆ ಹಂಚಿ ನೋಡಿ. ವಾರಕ್ಕೆ ಸುಮಾರು ಎರಡು ಗಂಟೆ. ಕೇಳೋಕೆ ಸುಲಭ. ಆದರೆ ಪರೀಕ್ಷೆ, ಜ್ವರ, ಮಳೆ, ಅಪ್ಪನ ಮೀಟಿಂಗ್ ಅಂತ ನಾಲ್ಕು ವಾರ ತಪ್ಪಿದರೆ ಎಂಟು ಗಂಟೆ ಸಾಲ ಬೀಳುತ್ತೆ. ರಾತ್ರಿಯ 10 ಗಂಟೆ ಇನ್ನೂ ತಾಪತ್ರಯ. ಜೂನ್‌ನಲ್ಲಿ ಕತ್ತಲಾಗೋದೇ ಎಂಟೂವರೆ ಮೇಲೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲು. ಹಾಗಾಗಿ ಚಳಿಗಾಲ ಸಿಕ್ಕರೆ ಬಿಡಬೇಡಿ, ಸಂಜೆ ಕ್ಲಾಸಿನಿಂದ ಮನೆಗೆ ಬರುವಾಗ ಅವನೇ ಓಡಿಸಲಿ.

ಈ ಗಂಟೆಗಳನ್ನು ಎಣಿಸೋರು ಯಾರು? ನೀವೇ. 50 ಗಂಟೆ ಆಯ್ತು ಅಂತ ಸಹಿ ಹಾಕೋದು ಅಪ್ಪ ಅಥವಾ ಅಮ್ಮ. ಹಿಂದೆ ಕೂತು ಯಾರೂ ನೋಡಿರೋದಿಲ್ಲ. ಮೂವತ್ತೇ ಆಗಿದ್ದರೂ ಸುಮ್ನೆ ಸಹಿ ಹಾಕಿಬಿಡುವ ಮನೆಗಳಿವೆ. ಇದು ನನಗೆ ಸರಿ ಕಾಣೋದಿಲ್ಲ. ಕಾನೂನಿಗಿಂತ ಮುಖ್ಯವಾಗಿ, ಪಕ್ಕದಲ್ಲಿ ದೊಡ್ಡವರಿದ್ದಾಗ ಮಕ್ಕಳ ಅಪಘಾತ ಕಡಿಮೆ. ಒಬ್ಬರೇ ಓಡಿಸುವ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ. ಅಂದರೆ ನೀವು ಉಳಿಸಿದ ಆ ಇಪ್ಪತ್ತು ಗಂಟೆಯ ಕಲಿಕೆಯನ್ನು ಅವನು ಒಬ್ಬನೇ ಇದ್ದಾಗ ಕಲಿಯುತ್ತಾನೆ.

ಗಂಟೆ ತುಂಬಿಸೋದರಲ್ಲೂ ಒಂದು ಮಾತು. ಮನೆಯಿಂದ ಶಾಲೆಗೆ ಅದೇ ದಾರಿಯನ್ನು ನೂರು ಸಲ ಓಡಿಸಿದರೆ ಅವನಿಗೆ ಆ ದಾರಿ ಬಾಯಿಪಾಠ ಆಗುತ್ತೆ, ಅಷ್ಟೇ. ಫ್ರೀವೇಗೆ ಸೇರಿಕೊಳ್ಳೋದು, ಎದುರಿನ ವಾಹನಗಳ ನಡುವೆ ಜಾಗ ನೋಡಿ ಎಡಕ್ಕೆ ತಿರುಗೋದು, ಮಳೆ, ತುಂಬಿದ ಪಾರ್ಕಿಂಗ್ ಲಾಟ್, ಇವೆಲ್ಲ ನೀವು ಪಕ್ಕದಲ್ಲಿರುವಾಗಲೇ ಆಗಿಹೋಗಲಿ.

ಇನ್ನು ಟೆಸ್ಟ್. ನಿಮ್ಮದೇ ಕಾರು ತೆಗೆದುಕೊಂಡು ಹೋಗಬೇಕು, ಇನ್ಶೂರೆನ್ಸ್ ಕಾಗದ ಬೇಕು, ಬ್ರೇಕ್ ಲೈಟು, ಸಿಗ್ನಲ್ ಕೆಲಸ ಮಾಡಬೇಕು. ಸಣ್ಣಪುಟ್ಟ ತಪ್ಪು 15ರವರೆಗೆ ಆದರೂ ಪಾಸು. ಆದರೆ ಒಂದೇ ಏಟಿಗೆ ಫೇಲ್ ಮಾಡುವ ತಪ್ಪುಗಳೂ ಇವೆ. ಸ್ಟಾಪ್ ಬೋರ್ಡ್ ಹತ್ತಿರ ಚಕ್ರ ಪೂರ್ತಿ ನಿಲ್ಲಿಸದೆ ಮೆಲ್ಲಗೆ ಉರುಳಿಕೊಂಡು ಹೋಗೋದು ಅದರಲ್ಲೊಂದು. ನನ್ನ ಮಗಳು ಮೊದಲ ಸಲ ಫೇಲ್ ಆಗಿದ್ದು ಹೀಗೇ. ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿದೆ. ಅವಳು ಉತ್ತರ ಕೊಡಲಿಲ್ಲ, ನನ್ನ ಮುಖ ನೋಡಿದಳು. ಫೇಲ್ ಆದರೆ 18ರ ಒಳಗಿನವರು ಮತ್ತೆ ಟೆಸ್ಟ್ ಕೊಡೋಕೆ 14 ದಿನ ಕಾಯಬೇಕು.

ಪಾಸಾದ ಮೇಲೆ ಸಿಗೋದು ಪ್ರೊವಿಷನಲ್ ಲೈಸೆನ್ಸ್, ಅಂದರೆ ಷರತ್ತುಗಳಿರುವ ಲೈಸೆನ್ಸ್. ಒಬ್ಬನೇ ಓಡಿಸಬಹುದು. ಆದರೆ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಒಬ್ಬನೇ ಓಡಿಸುವ ಹಾಗಿಲ್ಲ. 20ಕ್ಕಿಂತ ಚಿಕ್ಕವರನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ. ನೀವೋ, ಲೈಸೆನ್ಸ್ ಇರುವ 25 ದಾಟಿದವರೋ ಜೊತೆಗಿದ್ದರೆ ಇವೆರಡೂ ಅಡ್ಡಿ ಇಲ್ಲ. ತಂಗಿಯನ್ನು ಶಾಲೆಗೆ ಬಿಡೋದು, ಕೆಲಸ, ಆಸ್ಪತ್ರೆ ಇಂಥ ಕಾರಣಗಳಿಗೆ ಬೇರೆ ದಾರಿ ಇಲ್ಲದಿದ್ದರೆ ವಿನಾಯಿತಿ ಇದೆ, ಸಹಿ ಮಾಡಿದ ಚೀಟಿ ಕಾರಿನಲ್ಲಿರಬೇಕು. ಫೋನ್ ಅಂತೂ 18 ತುಂಬುವವರೆಗೆ ಹ್ಯಾಂಡ್ಸ್ ಫ್ರೀ ಕೂಡ ಇಲ್ಲ.

ಗೆಳೆಯರ ಮೇಲೆ ಇಷ್ಟೊಂದು ಸಿಟ್ಟು ಯಾಕೆ ಅಂತ ಮಗ ಕೇಳಿಯೇ ಕೇಳುತ್ತಾನೆ. ಅವನ ವಯಸ್ಸಿನವರು ಕಾರಿನಲ್ಲಿ ಜಾಸ್ತಿ ಆದ ಹಾಗೆ ಅಪಾಯವೂ ಏರುತ್ತೆ ಅನ್ನೋದು ಪದೇ ಪದೇ ಕಂಡುಬಂದಿದೆ. ಹಂತ ಹಂತವಾಗಿ ಲೈಸೆನ್ಸ್ ಕೊಡುವ ಈ ಪದ್ಧತಿಯನ್ನು ನ್ಯೂಜಿಲೆಂಡ್ 1987ರಲ್ಲಿ ಶುರುಮಾಡಿತು. ಅಮೆರಿಕದಲ್ಲಿ ಫ್ಲೋರಿಡಾ 1996ರಲ್ಲಿ, ಕ್ಯಾಲಿಫೋರ್ನಿಯಾ 1998ರಲ್ಲಿ ತಂದವು. ವಿವರಗಳು ರಾಜ್ಯಕ್ಕೊಂದು ಥರ. ಟೆಕ್ಸಸ್‌ನಲ್ಲಿ 30 ಗಂಟೆ ಸಾಕು, ನ್ಯೂಜೆರ್ಸಿಯಲ್ಲಿ ಇಂಥ ಲೈಸೆನ್ಸ್ (ಅಲ್ಲಿ ಪ್ರೊಬೇಷನರಿ ಅಂತಾರೆ) ಸಿಗೋದೇ 17ಕ್ಕೆ, ನಂಬರ್ ಪ್ಲೇಟಿಗೆ ಕೆಂಪು ಸ್ಟಿಕ್ಕರ್ ಬೇರೆ. ಅಲ್ಲಿರುವ ಸಂಬಂಧಿಕರು ಫೋನಿನಲ್ಲಿ ಹೇಳಿದ್ದನ್ನು ನಿಮ್ಮ ಮಗನಿಗೆ ಅನ್ವಯಿಸಬೇಡಿ.

ಇವತ್ತು ರಾತ್ರಿಯೇ ಆ ಪರ್ಮಿಟ್ ಹಾಳೆ ತೆಗೆದು ನೋಡಿ. ಇನ್‌ಸ್ಟ್ರಕ್ಟರ್ ಸಹಿ ಇದೆಯಾ, 6 ಗಂಟೆ ಪೂರ್ತಿ ಆಗಿದೆಯಾ, ನೀವು ಬರೆದಿಟ್ಟ ಗಂಟೆಗಳು ಎಷ್ಟು? ಮೂರೂ ಸರಿ ಇದ್ದರೆ ನಾಳೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.