ವಿಸ್ಟೀರಿಯಾ ಅತ್ತರು ಹಚ್ಚಿದ ಅರ್ಧ ತಾಸಿಗೇ ಘಮ ಹೋಗುವುದೇಕೆ?

ಓದುಗರ ಪ್ರಶ್ನೆ: "ನಮಸ್ಕಾರ್ರಿ ಅಕ್ಕಾರ. ನಾ ಕಲಬುರಗಿಯಾಗ ಬಿ.ಎಡ್. ಓದ್ಲಿಕತ್ತೀನಿ. ವಿಸ್ಟೀರಿಯಾ ಹೂವಿಂದು ಅಂತ ಬರದಿದ್ದ ಒಂದು ಸಣ್ಣ ರೋಲ್-ಆನ್ ಅತ್ತರ ಆನ್‌ಲೈನ್‌ನಾಗ ತರಿಸೀನಿ. ಬಾಟಲಿ ಮೂಗಿಗಿ ಹಿಡದ್ರ ಭಾಳ ಛಂದ ಅದ. ಕೈಗಿ ಹಚ್ಚಿದ್ರ ಅರ್ಧ ತಾಸಿನಾಗ ಏನೂ ಬರಂಗಿಲ್ಲ. ನಮ್ಮ ಅಪ್ಪ ದರ್ಗಾ ಕಡಿಂದ ತರೋ ಅತ್ತರ ಮರುದಿನಾನೂ ಅಂಗಿಯಾಗ ಇರ್ತದ. ನಂದು ನಕಲಿ ಏನ್ರಿ? ಖರೇ ವಿಸ್ಟೀರಿಯಾ ವಾಸನಿ ಹೆಂಗಿರ್ತದ?"

ಇಷ್ಟರಿಂದಲೇ ನಕಲಿ ಎನ್ನಲಾಗದು. ಅರ್ಧ ತಾಸಿನಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದಿರುತ್ತವೆ: ಹೂವಿನ ಹಗುರ ಭಾಗ ಹಾರಿಹೋಗಿದೆ, ಉಳಿದದ್ದು ಚರ್ಮಕ್ಕೆ ಅಂಟಿ ಕುಳಿತಿದೆ, ನಿಮ್ಮ ಮೂಗು ಅದಕ್ಕೆ ಒಗ್ಗಿದೆ. ನಿಮ್ಮ ತಂದೆಯವರ ಅತ್ತರಿನ ಜೊತೆ ಹೋಲಿಸಿ ಕೇಳಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಹೂವಿನ ವಿಷಯ. ವಿಸ್ಟೀರಿಯಾ ಚೀನಾ, ಜಪಾನ್ ಮತ್ತು ಅಮೆರಿಕದ ಬಳ್ಳಿ. ಚೀನಾದ ಜಾತಿ 1816ರಲ್ಲಿ ಇಂಗ್ಲೆಂಡಿಗೆ ಹೋಯಿತು, ಅಲ್ಲಿನ ಮನೆಗಳ ಗೋಡೆಗಳನ್ನೆಲ್ಲ ಹಬ್ಬಿತು. ಜಪಾನಿನ ಅಶಿಕಾಗಾ ಹೂತೋಟದಲ್ಲಿ 150 ವರ್ಷ ದಾಟಿದ ಒಂದೇ ಬಳ್ಳಿ ದೊಡ್ಡ ಚಪ್ಪರ ತುಂಬ ತಿಳಿ ನೇರಳೆ ಗೊಂಚಲು ಬಿಡುತ್ತದೆ. ಚಳಿಗಾಲದ ಗಟ್ಟಿ ಥಂಡಿ ತಿಂದ ಮೇಲೆ ವಸಂತದಲ್ಲಿ ಅರಳುವ ಗಿಡ ಅದು, ನಮ್ಮ ಬಿಸಿಲು ನಾಡಿನದಲ್ಲ. ನಮ್ಮ ಕಡೆ ಕೆಲವು ಮನೆಗಳ ಕಂಪೌಂಡಿನ ಮೇಲೆ ಹಬ್ಬಿರುವ ನೇರಳೆ-ನೀಲಿ ಹೂವಿನ ಬಳ್ಳಿ ಪೆಟ್ರಿಯಾ. ನೋಡಲು ಹತ್ತಿರ, ಕುಲ ಬೇರೆ. ಅದನ್ನು ಮೂಸಿ ನೋಡಿ ವಿಸ್ಟೀರಿಯಾಕ್ಕೆ ಪರಿಮಳವೇ ಇಲ್ಲ ಎಂದುಕೊಳ್ಳಬೇಡಿ. ವಿಸ್ಟೀರಿಯಾ ನಮ್ಮ ತೊಗರಿಯ, ರಸ್ತೆ ಬದಿಯ ಹೊಂಗೆ ಗಿಡದ ಕುಟುಂಬಕ್ಕೆ ಸೇರಿದ್ದು. ಬೇಸಿಗೆಯಲ್ಲಿ ಹೊಂಗೆಯ ಕೆಳಗೆ ಉದುರಿದ ಬಿಳಿ-ಗುಲಾಬಿ ಹೂವನ್ನು ಅಂಗೈಯಲ್ಲಿ ಹಿಡಿದು ನೋಡಿ. ವಿಸ್ಟೀರಿಯಾ ಹೂವಿನ ಆಕಾರ ಅದೇ, ಗಾತ್ರ ಮಾತ್ರ ದೊಡ್ಡದು.

ಇನ್ನು ವಾಸನೆ. ಮಲ್ಲಿಗೆಯಷ್ಟು ದಟ್ಟವಲ್ಲ, ಗುಲಾಬಿಯಷ್ಟು ದುಂಡಗಿಲ್ಲ. ಮೊದಲ ಉಸಿರಿಗೆ ಹಸಿರು ಬೆರೆತ ತಾಜಾತನ, ಹಿಂದೆಯೇ ಜೇನಿನ ಸಿಹಿ, ಒಂದೆಳೆ ಲವಂಗದ ಖಾರ, ತಳದಲ್ಲಿ ಪೌಡರಿನ ಮೃದುತನ. ಜಪಾನಿನ ಜಾತಿಯಲ್ಲಿ ದ್ರಾಕ್ಷಿಯ ವಾಸನೆ ಎದ್ದು ಕಾಣುತ್ತದೆ ಎನ್ನುವವರು ಬಹಳ. ವಿಜಯಪುರದಿಂದ ಬರುವ ಹಸಿರು ದ್ರಾಕ್ಷಿ ಅಲ್ಲ, ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿಯ ಸಿಪ್ಪೆ ಹಿಚುಕಿದಾಗ ಬರುವ ವಾಸನೆ. ನಮ್ಮೂರಿನಲ್ಲೇ ಸಮೀಪದ್ದು ಬೇಕೆಂದರೆ ಯುಗಾದಿ ಹೊತ್ತಿಗೆ ಸಂಜೆ ಹೂಬಿಟ್ಟ ಬೇವಿನ ಗಿಡದ ಕೆಳಗೆ ನಿಂತುಕೊಳ್ಳಿ. ಆ ತೆಳು ಜೇನುಸಿಹಿಗೆ ಒಂದಿಷ್ಟು ಕಪ್ಪು ದ್ರಾಕ್ಷಿ, ಒಂದು ಚೂರು ಲವಂಗ ಸೇರಿಸಿ ಊಹಿಸಿಕೊಂಡರೆ ಹತ್ತಿರ ಹೋದಂತೆ.

"ಖರೇ ವಿಸ್ಟೀರಿಯಾ" ಎಂದು ಕೇಳಿದ್ದೀರಿ. ಗುಲಾಬಿ, ಮಲ್ಲಿಗೆ ಹೂಗಳನ್ನು ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಬೇಯಿಸಿ, ಆ ಹಬೆಯನ್ನು ಶ್ರೀಗಂಧದ ಎಣ್ಣೆಗೆ ಇಳಿಸುವ ಪದ್ಧತಿ ತಲೆಮಾರುಗಳಿಂದ ಇದೆ. ವಿಸ್ಟೀರಿಯಾಕ್ಕೆ ಅಂಥ ದಾರಿ ಇಲ್ಲ. ಅದರ ಹೂವಿನಿಂದ ವ್ಯಾಪಾರಕ್ಕೆ ಸಾಲುವಷ್ಟು ಎಣ್ಣೆ ತೆಗೆಯುವುದಿಲ್ಲ. ಹಾಗಾಗಿ ಬಾಟಲಿಯಲ್ಲಿ ಬರುವ ವಿಸ್ಟೀರಿಯಾ ಬೇರೆ ಬೇರೆ ಸುಗಂಧ ದ್ರವ್ಯಗಳನ್ನು ಕೂಡಿಸಿ ಕಟ್ಟಿದ್ದು. ದುಬಾರಿ ಕಂಪನಿಯದೂ ಹಾಗೇ, ಅಗ್ಗದ್ದೂ ಹಾಗೇ. ಹೂವನ್ನು ಬಳ್ಳಿಯಲ್ಲೇ ಬಿಟ್ಟು, ಗಾಜಿನ ಬುರುಡೆ ಮುಚ್ಚಿ, ಸುತ್ತಲ ಗಾಳಿಯನ್ನು ಹಿಡಿದು ಅದರಲ್ಲಿ ಏನೇನಿದೆ ಎಂದು ಯಂತ್ರದಿಂದ ಓದುವ ವಿಧಾನವನ್ನು 1970ರ ದಶಕದಿಂದ ಸ್ವಿಸ್ ವಿಜ್ಞಾನಿ ರೋಮನ್ ಕೈಸರ್ ಬೆಳೆಸಿದರು. ಹೂವಿಗೆ ಕತ್ತರಿ ಹಾಕದೆ ಅದರ ಉಸಿರನ್ನು ಅರಿಯುವ ಈ ಕೆಲಸದ ಮೇಲೆ ನನಗೆ ತುಂಬ ಗೌರವ. ಎಣ್ಣೆ ಕೊಡದ ಹೂಗಳನ್ನು ಬಾಟಲಿಯಲ್ಲಿ ಕಟ್ಟುವವರಿಗೆ ಅದು ದೊಡ್ಡ ಆಸರೆ.

ಹಾಗಾದರೆ ನಕಲಿ ಯಾವುದು? "100% ನೈಸರ್ಗಿಕ ವಿಸ್ಟೀರಿಯಾ ಎಣ್ಣೆ" ಎಂದು ಬರೆದದ್ದು. ಆ ಮಾತು ಲೇಬಲ್ ಮೇಲಿದ್ದರೆ ಉಳಿದ ಮಾತುಗಳನ್ನೂ ನಂಬಬೇಡಿ.

ಕಟ್ಟಲು ಬಳಸುವ ಸಾಮಗ್ರಿ ಗೊತ್ತಾದರೆ ಅರ್ಧ ತಾಸಿನ ಗುಟ್ಟೂ ತಿಳಿಯುತ್ತದೆ. ಇಂಥ ತಿಳಿ ಹೂಗಳ ಮಿಶ್ರಣದಲ್ಲಿ ಮೊದಲು ಮೂಗಿಗೆ ಬರುವುದು ಸಾಮಾನ್ಯವಾಗಿ ಲಿನಾಲೂಲ್, ನಿಮ್ಮ ಅಡುಗೆಮನೆಯ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅತಿ ಹೆಚ್ಚು ಇರುವ ಅಂಶವೂ ಅದೇ. ದ್ರಾಕ್ಷಿಯ ಸಿಹಿಗೆ ಮೀಥೈಲ್ ಆಂಥ್ರನಿಲೇಟ್, ಲವಂಗದ ಚುರುಕಿಗೆ ಯೂಜಿನಾಲ್, ಗುಲಾಬಿ ನೀರಿನ ಮೃದುತನಕ್ಕೆ ಫೀನೈಲ್ ಈಥೈಲ್ ಆಲ್ಕೊಹಾಲ್, ಬಾದಾಮಿ-ವೆನಿಲಾ ಬೆರೆತ ಪೌಡರಿನ ಭಾವಕ್ಕೆ ಹೆಲಿಯೊಟ್ರೋಪಿನ್, ತಳಕ್ಕೆ ಕಸ್ತೂರಿಯಂಥ ಘಮದ ಮಸ್ಕ್. ಇವೆಲ್ಲ ಒಂದೇ ವೇಗದಲ್ಲಿ ಹಾರುವುದಿಲ್ಲ. ಲಿನಾಲೂಲ್ ಅಣುವಿನಲ್ಲಿ 10 ಇಂಗಾಲದ ಪರಮಾಣು, ಶ್ರೀಗಂಧದ ಘಮದ ಮೂಲವಾದ ಸಂತಲೋಲ್‌ನಲ್ಲಿ 15, ಗ್ಯಾಲಕ್ಸೊಲೈಡ್ ಎಂಬ ಮಸ್ಕ್‌ನಲ್ಲಿ 18. ಇಲ್ಲಿ ಹಗುರವಾದದ್ದು ಮೊದಲು ಎದ್ದು ಹೋಗುತ್ತದೆ, ಭಾರದ್ದು ಕೂತುಬಿಡುತ್ತದೆ. ನಿಮ್ಮ ತಂದೆಯವರ ಅತ್ತರು ಹಿನಾ, ಊದ್ (ಅಗರು), ಶ್ರೀಗಂಧದ ಜಾತಿಯದ್ದಾದರೆ ಅದರಲ್ಲಿ ಕೂತುಕೊಳ್ಳುವವರೇ ಹೆಚ್ಚು. ವಿಸ್ಟೀರಿಯಾದಲ್ಲಿ ಎದ್ದು ಹೋಗುವವರು ಹೆಚ್ಚು. ಇದು ಗುಣಮಟ್ಟದ ಮೇಲು-ಕೀಳಲ್ಲ, ಎರಡೂ ಬೇರೆ ಸ್ವಭಾವದವು.

ಒಳ್ಳೆಯ ವಿಸ್ಟೀರಿಯಾ ಅತ್ತರು ಚರ್ಮದ ಮೇಲೆ ಹೀಗೆ ಸಾಗಬೇಕು. ಮೊದಲ ಹತ್ತು-ಇಪ್ಪತ್ತು ನಿಮಿಷ ಹಸಿರು, ಚುರುಕು, ಕೆಲವೊಮ್ಮೆ ಸಾಬೂನಿನಂಥ ತೀಕ್ಷ್ಣತೆಯೂ ಇರುತ್ತದೆ. ಬಹಳ ಮಂದಿ ಇಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ದಯವಿಟ್ಟು ಕೊಡಬೇಡಿ. ಮುಂದಿನ ಒಂದೆರಡು ತಾಸು ಹೂವಿನ ನಿಜವಾದ ಹೊತ್ತು: ಜೇನು, ದ್ರಾಕ್ಷಿ, ಲವಂಗ ಒಂದರೊಳಗೊಂದು ಸೇರಿ ದುಂಡಗಾಗುತ್ತವೆ. ನನಗೆ ಅತಿ ಪ್ರಿಯವಾದ ಹೊತ್ತು ಇದೇ. ಆಮೇಲೆ ಹೂವು ಹಿಂದೆ ಸರಿದು ಪೌಡರು ಮತ್ತು ಮಸ್ಕ್ ಮಾತ್ರ ಉಳಿಯುತ್ತವೆ, ತೊಳೆದು ಒಣಗಿಸಿದ ಹತ್ತಿ ಸೀರೆಗೆ ಮುಖ ಒತ್ತಿದರೆ ಬರುವಂಥ ಶುಚಿಯಾದ ಸಿಹಿ. ಅದು ಇನ್ನೂ ಮೂರ್ನಾಲ್ಕು ತಾಸು ಇರಬಹುದು. ಅಗ್ಗದ ಮಿಶ್ರಣದಲ್ಲಿ ನಡುವಿನ ಹೊತ್ತೇ ಇರುವುದಿಲ್ಲ. ಹಸಿರು ಚುರುಕಿನಿಂದ ನೇರ ಸಕ್ಕರೆ ಪೌಡರಿಗೆ ಹಾರುತ್ತದೆ. ಹಣ ಸಾರ್ಥಕವಾಯಿತೋ ಇಲ್ಲವೋ ಎಂದು ನೋಡಲು ನಾನು ಇದೊಂದನ್ನೇ ನೋಡುತ್ತೇನೆ.

ಸ್ಪ್ರೇಗೂ ಎಣ್ಣೆಗೂ ವ್ಯತ್ಯಾಸವಿದೆ. ಸ್ಪ್ರೇಯಲ್ಲಿರುವ ಆಲ್ಕೊಹಾಲ್ ಕ್ಷಣದಲ್ಲಿ ಆವಿಯಾಗಿ ವಾಸನೆಯನ್ನು ಎಬ್ಬಿಸಿ ಕೋಣೆ ತುಂಬ ಹರಡುತ್ತದೆ. ಎಣ್ಣೆ ಹಾರುವುದಿಲ್ಲ, ವಾಸನೆಯನ್ನು ತನ್ನಲ್ಲೇ ಹಿಡಿದು ಚೂರುಚೂರೇ ಬಿಡುತ್ತದೆ. ಆದ್ದರಿಂದ ಎಣ್ಣೆಯ ಘಮ ಒಂದು ಗೇಣು ದೂರ ದಾಟುವುದು ಕಡಿಮೆ. ಅದರಲ್ಲೂ ವಿಸ್ಟೀರಿಯಾ ಹತ್ತಿರ ಬಂದವರಿಗೆ ಮಾತ್ರ ಸಿಗುವ ಪರಿಮಳ. ತರಗತಿಯ ಕೊನೆ ಬೆಂಚಿಗೆ ಮುಟ್ಟಬೇಕೆಂದು ನೀವು ಬಯಸಿದರೆ ಈ ಹೂವು ಅದಕ್ಕಲ್ಲ. ಜಾಸ್ತಿ ಹಚ್ಚಿದರೆ ದೂರ ಹೋಗುತ್ತದೆ ಅಂದುಕೊಂಡು ನಾಲ್ಕು ಪಟ್ಟು ಹಚ್ಚಿದರೆ ಸಿಹಿ ಜಿಗುಟಾಗಿ ತಲೆ ಹಿಡಿಯುವುದು ಬಿಟ್ಟು ಬೇರೇನೂ ಆಗದು.

ಈಗ ನಮ್ಮ ಬಿಸಿಲು. ಏಪ್ರಿಲ್-ಮೇನಲ್ಲಿ ಕಲಬುರಗಿಯ ಹಗಲು 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ತಂಪು ಕೋಣೆಯಲ್ಲಿ ಚರ್ಮದ ಮೇಲ್ಮೈ 32-33 ಡಿಗ್ರಿ ಇದ್ದರೆ ನಮ್ಮ ಸೂಪರ್ ಮಾರ್ಕೆಟ್ ಬಜಾರಿನ ಬಿಸಿಲಲ್ಲಿ ಮಧ್ಯಾಹ್ನ ಸುತ್ತುವಾಗ 36ರ ಆಸುಪಾಸಿಗೆ ಬರುತ್ತದೆ. ಆ ಮೂರ್ನಾಲ್ಕು ಡಿಗ್ರಿಯೂ ಹಗುರ ಅಣುಗಳಿಗೆ ಬಹಳ. ಮೇಲಿಂದ ನಮ್ಮದು ಒಣ ಬಿಸಿಲು, ಒಣ ಚರ್ಮ. ಚರ್ಮದಲ್ಲಿ ಜಿಡ್ಡು ಕಡಿಮೆಯಿದ್ದಷ್ಟು ವಾಸನೆಗೆ ಹಿಡಿತ ಕಡಿಮೆ. ಇದರ ಮೇಲೆ ಬೆವರು ಬಂತು, ದಸ್ತಿಯಿಂದ ಒರೆಸಿಕೊಂಡಿರಿ, ಎಣ್ಣೆಯೂ ದಸ್ತಿಗೆ ಹೋಯಿತು. ಹಾಗಾಗಿ ಬೇಸಿಗೆಯಲ್ಲಿ ಹೂವಿನ ಹೊತ್ತು ಅರ್ಧಕ್ಕೆ ಇಳಿದರೆ ಆಶ್ಚರ್ಯಪಡಬೇಡಿ. ಇದೇ ಬಾಟಲಿ ಡಿಸೆಂಬರಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ನಮ್ಮೂರಲ್ಲಿ ವಿಸ್ಟೀರಿಯಾ ಹಚ್ಚುವ ಕಾಲ ನವೆಂಬರಿನಿಂದ ಫೆಬ್ರವರಿ, ಬೇಸಿಗೆಯಲ್ಲಾದರೆ ಸಂಜೆ ಸ್ನಾನ ಮಾಡಿದ ಮೇಲೆ.

ಮೂಗಿನ ಪಾಲನ್ನೂ ಮರೆಯಬಾರದು. ಒಂದೇ ವಾಸನೆ ಸತತ ಇದ್ದರೆ ಮೂಗು ಹದಿನೈದಿಪ್ಪತ್ತು ನಿಮಿಷದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ನಿಮ್ಮ ಮನೆಯ ವಾಸನೆ ನಿಮಗೆ ಗೊತ್ತಾಗದೆ ಬಂದ ನೆಂಟರಿಗೆ ಗೊತ್ತಾಗುವುದು ಇದರಿಂದಲೇ. ಜೊತೆಗೆ ಕೆಲವರಿಗೆ ಕೆಲವು ಮಸ್ಕ್‌ಗಳ ವಾಸನೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ನೇರಳೆ ಹೂಗಳ ಮಿಶ್ರಣದಲ್ಲಿ ಬಳಸುವ ಬೀಟಾ-ಅಯೊನೋನ್ ಎಂಬುದು ಒಂದೇ ಜೀನಿನ ವ್ಯತ್ಯಾಸದಿಂದ ಒಬ್ಬರಿಗೆ ಹೂವಾಗಿ, ಇನ್ನೊಬ್ಬರಿಗೆ ಹುಳಿಯಾಗಿ ತೋರುತ್ತದೆ. ಅದಕ್ಕೇ ನಿಮ್ಮ ಮೂಗನ್ನೊಂದೇ ಸಾಕ್ಷಿ ಮಾಡಬೇಡಿ. ಹಚ್ಚಿ ಎರಡು ತಾಸಿನ ಮೇಲೆ ಗೆಳತಿಗೆ ಕೈ ಕೊಟ್ಟು ಕೇಳಿ. ಅಥವಾ ಹೊರಗೆ ಹೋಗಿ ಸ್ವಲ್ಪ ತಿರುಗಾಡಿ ಬಂದು ಮೊಣಕೈ ಮಡಿಕೆಗೆ ಮೂಗು ತನ್ನಿ.

ಹಚ್ಚುವ ರೀತಿ: ಸ್ನಾನವಾದ ಮೇಲೆ, ಚರ್ಮ ಇನ್ನೂ ಮೆತ್ತಗಿರುವಾಗ, ವಾಸನೆಯಿಲ್ಲದ ವ್ಯಾಸಲೀನ್ ಒಂದು ತೆಳು ಪದರ ಸವರಿ, ಅದರ ಮೇಲೆ ರೋಲ್-ಆನ್ ಒಮ್ಮೆ ಎಳೆಯಿರಿ. ಕೊಬ್ಬರಿ ಎಣ್ಣೆಗೆ ತನ್ನದೇ ವಾಸನೆಯಿದೆ, ಈ ತಿಳಿ ಹೂವಿನ ಜೊತೆ ಅದು ಕೂಡಿಬರದು. ಬಿಸಿಲಿಗೆ ಸಿಗುವ ಮುಂಗೈಗಿಂತ ಮೊಣಕೈ ಒಳಮಡಿಕೆ, ಕಿವಿಯ ಹಿಂದೆ ಒಳ್ಳೆಯದು. ಎರಡು ಕೈ ಉಜ್ಜಿದರೆ ಬಿಸಿಗೆ ಮೇಲಿನ ಪದರ ಬೇಗ ಹೋಗುತ್ತದೆ, ಸುಮ್ಮನೆ ಬಿಡಿ. ಹಿರಿಯರು ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದನ್ನು ನೋಡಿರುತ್ತೀರಿ. ಬಹಳ ಲೆಕ್ಕಾಚಾರದ ಪದ್ಧತಿ ಅದು: ಎಣ್ಣೆ ಹತ್ತಿಯಲ್ಲಿ ನಿಲ್ಲುತ್ತದೆ, ಬೆವರಿಗೆ ಸಿಗುವುದು ಕಡಿಮೆ. ನಿಮಗೆ ಸಂಕೋಚವಾದರೆ ಹತ್ತಿಯನ್ನು ದುಪಟ್ಟಾದ ಪಿನ್ನಿನ ಒಳಗೆ ಇಡಬಹುದು. ನೇರ ಬಟ್ಟೆಗೆ ಹಚ್ಚಬೇಡಿ, ತಿಳಿ ಬಣ್ಣದ ಮೇಲೆ ಜಿಡ್ಡಿನ ಕಲೆ ಕೂರುತ್ತದೆ.

ಬಾಟಲಿಯನ್ನು ಗಾಡಿಯ ಡಿಕ್ಕಿಯಲ್ಲಿ, ಕಿಟಕಿ ಪಕ್ಕ ಇಡಬೇಡಿ. ಲಿನಾಲೂಲ್ ಗಾಳಿ ತಾಗಿ ಹಳತಾದರೆ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಾಗಿ ಮಾರ್ಪಡುತ್ತದೆ, ಬಿಸಿ ಅದನ್ನು ಬೇಗ ಮಾಡುತ್ತದೆ. ಮೊದಲ ಸಲ ಒಂದು ಚುಕ್ಕೆ ಮೊಣಕೈ ಒಳಗೆ ಹಚ್ಚಿ ಎರಡು ದಿನ ನೋಡಿ, ಕೆಂಪಾಗಿ ತುರಿಸಿದರೆ ಬಿಟ್ಟುಬಿಡಿ. ಪದಾರ್ಥಗಳ ಪಟ್ಟಿಯಲ್ಲಿ ಬ್ಯುಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೋನಲ್ ಎಂದು ಕಂಡರೆ ಅದು ಲಿಲಿಯಲ್. ತಿಳಿ ಹೂಗಳ ಮಿಶ್ರಣಕ್ಕೆ ವರ್ಷಗಟ್ಟಲೆ ಬಳಸಿದ ಇದನ್ನು ಸಂತಾನಶಕ್ತಿಗೆ ಹಾನಿಯ ಆತಂಕದಿಂದ ಯುರೋಪಿನ ಒಕ್ಕೂಟ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅಂಥದ್ದನ್ನು ನಾನಂತೂ ಕೊಳ್ಳುವುದಿಲ್ಲ.

ಇಷ್ಟಾದರೂ ಉಳಿಯುವ ಹೊತ್ತು ಸಾಲದೆನಿಸಿದರೆ ಉಪಾಯ ನಿಮ್ಮ ತಂದೆಯವರ ಬಳಿಯೇ ಇದೆ. ಖಾಜಾ ಬಂದೇನವಾಜ್ ದರ್ಗಾದ ಆಸುಪಾಸಿನ ಅತ್ತರಿನ ಅಂಗಡಿಗಳಲ್ಲಿ ಅವರ ಜೊತೆ ಹೋಗಿ ಶ್ರೀಗಂಧದ ಅತ್ತರು ಒಂದು ಸಣ್ಣ ಶೀಷೆ ತನ್ನಿ. ಅಂಗಡಿಯವರು ಕೈಗೆ ಹಚ್ಚಿ ತೋರಿಸುತ್ತಾರೆ, ಅಲ್ಲೇ ತೀರ್ಮಾನ ಮಾಡದೆ ಒಂದು ತಾಸು ತಿರುಗಾಡಿ ಬಂದು ಕೊಳ್ಳಿ. ಮನೆಯಲ್ಲಿ ಮೊದಲು ಶ್ರೀಗಂಧ ಒಂದು ಚುಕ್ಕೆ, ಹತ್ತು ನಿಮಿಷ ಬಿಟ್ಟು ಅದರ ಮೇಲೆ ವಿಸ್ಟೀರಿಯಾ. ಗಂಧದ ಭಾರ ಕೆಳಗೆ ಹಿಡಿದುಕೊಳ್ಳುವುದರಿಂದ ಜೇನು-ದ್ರಾಕ್ಷಿಯ ಹೊತ್ತು ಹಿಗ್ಗುತ್ತದೆ, ಪೌಡರಿನ ಭಾಗವೂ ಹಾಲಿನಂತೆ ನಯವಾಗುತ್ತದೆ. ಹಿನಾ, ಊದ್ ಮಾತ್ರ ಕೆಳಗೆ ಹಾಕಬೇಡಿ, ಹೂವಿನ ಸುಳಿವೂ ಉಳಿಯದು.