ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಹಾಡಿನ ಪ್ಲೇಗಳು ಹೋಗಿಬಿಡುತ್ತವಾ?

ಪ್ರಶ್ನೆ: ನನ್ನ ಆರು ಹಾಡುಗಳು ಸ್ಪಾಟಿಫೈ, ಆಪಲ್ ಮ್ಯೂಸಿಕ್ ಎಲ್ಲ ಕಡೆ ಇವೆ. ಈಗಿನ ಡಿಸ್ಟ್ರಿಬ್ಯೂಟರ್ ಬಿಟ್ಟು ಬೇರೆಯವರ ಹತ್ತಿರ ಹೋಗಬೇಕು ಅಂತಿದ್ದೇನೆ. ಮೊದಲು ಇಲ್ಲಿಂದ ಎಲ್ಲವನ್ನೂ ತೆಗೆಸಿ, ಆಮೇಲೆ ಅಲ್ಲಿ ಹೊಸದಾಗಿ ಹಾಕಬೇಕಂತೆ. ಹಾಗೆ ಮಾಡಿದರೆ ಇಷ್ಟು ದಿನದ ಪ್ಲೇಗಳು ಸೊನ್ನೆ ಆಗುತ್ತವಾ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕೇಳುವವರ ಹೆಸರು ಬೇರೆ, ಹಾಡುಗಳ ಸಂಖ್ಯೆ ಬೇರೆ, ಒಳಗಿನ ಭಯ ಒಂದೇ. (ಡಿಸ್ಟ್ರಿಬ್ಯೂಟರ್ ಅಂದರೆ ನಮ್ಮ ಹಾಡನ್ನು ಸ್ಪಾಟಿಫೈಯಂಥ ಹಾಡು ಕೇಳಿಸುವ ಸೇವೆಗಳಿಗೆ ತಲುಪಿಸಿ, ಅಲ್ಲಿಂದ ಬರುವ ದುಡ್ಡನ್ನು ನಮಗೆ ಕೊಡುವ ಕಂಪನಿ.) ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ತೆಗೆಸಬೇಡಿ. ಹೊಸ ಡಿಸ್ಟ್ರಿಬ್ಯೂಟರ್ ಮೂಲಕ ಹಾಕಿ, ಅದು ಎಲ್ಲ ಕಡೆ ಬಂತು ಅಂತ ಕಣ್ಣಾರೆ ನೋಡಿದ ಮೇಲೆ ಹಳೆಯದನ್ನು ತೆಗೆಸಿ. ಸರಿಯಾಗಿ ಮಾಡಿದರೆ ಪ್ಲೇಗಳು ಉಳಿಯುತ್ತವೆ.

ಡಿಸ್ಟ್ರಿಬ್ಯೂಟರ್ ಗೊಡವೆಯೇ ಬೇಡ, ನಾವೇ ನೇರವಾಗಿ ಹಾಕಬಾರದಾ ಅಂತ ಕೇಳುವವರೂ ಇದ್ದಾರೆ. ಸ್ಪಾಟಿಫೈ 2018ರಲ್ಲಿ ಅಂಥ ಸೌಲಭ್ಯವನ್ನು ಕೆಲವು ಕಲಾವಿದರಿಗೆ ಕೊಟ್ಟು ನೋಡಿತು. 2019ರಲ್ಲಿ ನಿಲ್ಲಿಸಿತು. ನಡುವೆ ಒಬ್ಬರು ಬೇಕೇ ಬೇಕು.

ಈಗ 'ಮೊದಲು ತೆಗೆಸಿ, ಆಮೇಲೆ ಹಾಕಿ' ಅನ್ನುವ ಮಾತಿಗೆ ಬರೋಣ. ಇದನ್ನು ಎಷ್ಟು ಸಲ ತಿದ್ದಿದರೂ ಮತ್ತೆ ಮತ್ತೆ ಎದ್ದು ಬರುತ್ತದೆ. ಯಾಕೆ ಅಂದರೆ ಕೇಳುವುದಕ್ಕೆ ಸರಿಯಾಗಿಯೇ ಕಾಣುತ್ತದೆ. ಒಂದೇ ಹಾಡು ಎರಡು ಕಡೆಯಿಂದ ಬಂದರೆ ಕಳ್ಳತನ ಅಂದುಕೊಂಡು ಎರಡನ್ನೂ ಕಿತ್ತುಹಾಕುತ್ತಾರೆ, ಅಕೌಂಟೇ ಹೋಗುತ್ತದೆ ಅನ್ನುವ ಭಯ. ಮನೆ ಖಾಲಿ ಮಾಡಿದ ಮೇಲೆ ತಾನೇ ಹೊಸ ಬಾಡಿಗೆದಾರರು ಬರಬೇಕು? ಆದರೆ ಇಲ್ಲಿ ಲೆಕ್ಕ ಹಾಗಿಲ್ಲ. ದಿನವೂ ಎಷ್ಟೋ ಕಲಾವಿದರು ಡಿಸ್ಟ್ರಿಬ್ಯೂಟರ್ ಬದಲಿಸುತ್ತಾರೆ. ಸೇವೆಗಳಿಗೆ ಇದು ಹೊಸದಲ್ಲ. ಸ್ವಲ್ಪ ದಿನ ಎರಡೂ ಪ್ರತಿ ಇರುತ್ತವೆ ಅಂತ ಅವರಿಗೂ ಗೊತ್ತು. ಒಂದೇ ರೆಕಾರ್ಡಿಂಗ್ ಎರಡು ಸಲ ಬಂದರೆ ಎರಡನ್ನೂ ಗುರುತಿಸಿ ಜೋಡಿಸುವ ವ್ಯವಸ್ಥೆಯನ್ನೇ ಮಾಡಿಕೊಂಡಿದ್ದಾರೆ. ಹಾಗೆ ಜೋಡಿಸಬೇಕಾದರೆ ಹಳೆಯದು ಇನ್ನೂ ಅಲ್ಲಿ ಇದ್ದರೆ ಒಳ್ಳೆಯದು. ನೀವು ಅದನ್ನೇ ಮೊದಲು ತೆಗೆಸಿದರೆ ಹೊಸದು ಯಾವುದರ ಜೊತೆ ಸೇರಬೇಕು?

ತೆಗೆಸಿದ ದಿನದಿಂದ ಹೊಸದು ಬರುವ ತನಕ ಏನಾಗುತ್ತದೆ ಅನ್ನುವುದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮೊದಲ ನಾಲ್ಕು ಹಾಡುಗಳನ್ನು ಬೇರೆ ಕಡೆ ಸಾಗಿಸುವಾಗ ನಾನೂ ಇದೇ ಮಾತು ನಂಬಿದ್ದೆ. ತೆಗೆಸಿದೆ. ಹೊಸದು ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ಕೇಳುಗರ ಪ್ಲೇಲಿಸ್ಟ್‌ಗಳಲ್ಲಿ ನನ್ನ ಹಾಡುಗಳ ಹೆಸರು ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು, ಒತ್ತಿದರೆ ಹಾಡುತ್ತಿರಲಿಲ್ಲ. ಹಂಚಿಕೊಂಡಿದ್ದ ಲಿಂಕ್‌ಗಳೆಲ್ಲ ಸತ್ತವು. ಕೊನೆಗೆ ಹೊಸದು ಬಂತು. ಎಣಿಕೆ ಒಂದರಿಂದ ಶುರುವಾಯಿತು. ಎರಡು ವರ್ಷ ಒಬ್ಬೊಬ್ಬರಾಗಿ ಬಂದು ಕೇಳಿದ್ದು ಅಳಿಸಿಹೋಗಿತ್ತು. ಅದಕ್ಕೇ ಈ ವಿಷಯ ಬಂದರೆ ನನ್ನ ದನಿ ಸ್ವಲ್ಪ ಜೋರಾಗುತ್ತದೆ.

ಎಣಿಕೆ ಸೊನ್ನೆಯಾದದ್ದಕ್ಕೆ ಆ ಹನ್ನೊಂದು ದಿನ ಮಾತ್ರ ಕಾರಣ ಅಲ್ಲ. ಅಸಲು ತಪ್ಪು ಒಂದು ಸಣ್ಣ ಖಾಲಿ ಜಾಗದಲ್ಲಿತ್ತು.

ಹಾಡು ಅಪ್‌ಲೋಡ್ ಮಾಡುವ ಫಾರ್ಮ್‌ನಲ್ಲಿ, ಹಾಡಿನ ಹೆಸರು, ಬರೆದವರ ಹೆಸರು ಎಲ್ಲ ಆದಮೇಲೆ, ಸಾಮಾನ್ಯವಾಗಿ ಕೆಳಗೆಲ್ಲೋ ಐಎಸ್‌ಆರ್‌ಸಿ ಅಂತ ಒಂದು ಜಾಗ ಇರುತ್ತದೆ. 'ಇಲ್ಲದಿದ್ದರೆ ಖಾಲಿ ಬಿಡಿ, ನಾವೇ ಕೊಡುತ್ತೇವೆ' ಅಂತ ಪಕ್ಕದಲ್ಲಿ ಬರೆದಿರುತ್ತಾರೆ. ಹೊಸ ಹಾಡಿಗೆ ಅದು ಸರಿ. ಆದರೆ ಈಗಾಗಲೇ ಹೊರಗೆ ಬಂದಿರುವ ಹಾಡಿಗೆ ಆ ಜಾಗವನ್ನು ಖಾಲಿ ಬಿಟ್ಟರೆ ಹೊಸ ಕೋಡ್ ಹುಟ್ಟುತ್ತದೆ. ಸೇವೆಗಳ ಕಣ್ಣಿಗೆ ಅದು ಬೇರೆಯೇ ಹಾಡು. ನಾನು ಮಾಡಿದ್ದು ಇದನ್ನೇ.

ಐಎಸ್‌ಆರ್‌ಸಿ ಅಂದರೆ ಒಂದು ರೆಕಾರ್ಡಿಂಗಿನ ಗುರುತು. ಹನ್ನೆರಡು ಅಕ್ಷರ, ಅಂಕಿಗಳ ಸಾಲು. ಮೊದಲ ಐದು, ಕೋಡ್ ಕೊಟ್ಟವರು ಯಾರು ಅಂತ ಹೇಳುತ್ತವೆ. ಆಮೇಲಿನ ಎರಡು ಅಂಕಿ ವರ್ಷ. ಹಾಡನ್ನು ರೆಕಾರ್ಡ್ ಮಾಡಿದ ವರ್ಷವಲ್ಲ, ಕೋಡ್ ಕೊಟ್ಟ ವರ್ಷ. ಕೊನೆಯ ಐದು ಅಂಕಿ ಆ ವರ್ಷದ ಸರಣಿ ಸಂಖ್ಯೆ. ಮೊದಲ ಐದರಲ್ಲಿ ಹಳೆಯ ಡಿಸ್ಟ್ರಿಬ್ಯೂಟರ್ ಗುರುತು ಇರುವುದರಿಂದ 'ಇದು ಅವರ ಕೋಡ್, ನಾನು ತೆಗೆದುಕೊಂಡು ಹೋಗುವ ಹಾಗಿಲ್ಲ' ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಕೋಡ್ ಅಂಟಿಕೊಂಡಿರುವುದು ರೆಕಾರ್ಡಿಂಗಿಗೆ. ಹಕ್ಕು ಕೈ ಬದಲಾದರೂ, ಡಿಸ್ಟ್ರಿಬ್ಯೂಟರ್ ನಾಲ್ಕು ಸಲ ಬದಲಾದರೂ, ಆ ರೆಕಾರ್ಡಿಂಗ್ ಇರುವ ತನಕ ಅದೇ ಕೋಡ್. ಹಾಡಿನ ಮಾಲೀಕರು ಯಾರು ಅನ್ನುವುದಕ್ಕೆ ಅದು ಸಾಕ್ಷಿಯೂ ಅಲ್ಲ. ಅದೇ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಿದರೆ, ರೀಮಿಕ್ಸ್ ಮಾಡಿದರೆ, ವೇದಿಕೆಯ ಮೇಲೆ ಹಾಡಿದ್ದನ್ನು ಬಿಡುಗಡೆ ಮಾಡಿದರೆ, ಹೀಗೆ ರೆಕಾರ್ಡಿಂಗೇ ಬದಲಾದರೆ ಮಾತ್ರ ಹೊಸ ಕೋಡ್ ಬೇಕು.

ಹಾಗಾಗಿ ಹಳೆಯ ಡಿಸ್ಟ್ರಿಬ್ಯೂಟರ್ ಅಕೌಂಟಿಗೆ ಹೋಗಿ ಪ್ರತಿ ಹಾಡಿನ ಐಎಸ್‌ಆರ್‌ಸಿ ಬರೆದುಕೊಳ್ಳಿ. ಇಡೀ ಆಲ್ಬಮ್ ಅಥವಾ ಸಿಂಗಲ್‌ಗೆ ಇರುವ ಯುಪಿಸಿ ಅನ್ನುವ ಬಾರ್‌ಕೋಡ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ ಮಾಡಿ. ಸೊನ್ನೆಯ ಜಾಗಕ್ಕೆ 'ಓ' ಬಿದ್ದರೆ ಕೆಲಸ ಕೆಟ್ಟಿತು.

ಕೋಡ್ ಒಂದೇ ಸಾಲದು. ಆಡಿಯೋ ಕೂಡ ಅದೇ ಇರಬೇಕು. ಇಲ್ಲಿ ಜಾಸ್ತಿ ಎಡವುವವರು ಸಂಗೀತದ ಮೇಲೆ ಜಾಸ್ತಿ ಪ್ರೀತಿ ಇರುವವರೇ. ಹೇಗೂ ಮತ್ತೆ ಹಾಕುತ್ತಿದ್ದೇನಲ್ಲ, ಮಿಕ್ಸ್ (ದನಿ, ವಾದ್ಯಗಳ ಹದ) ಸ್ವಲ್ಪ ಸರಿಮಾಡೋಣ, ಕೊನೆಯಲ್ಲಿ ಹಾಡು ಮೆಲ್ಲಗೆ ಇಳಿಯುವ ಫೇಡ್ ಉದ್ದ ಮಾಡೋಣ, ಶುರುವಿನಲ್ಲಿ ಎರಡು ಸೆಕೆಂಡ್ ಮೌನ ಇಡೋಣ ಅಂತ ಆಸೆಯಾಗುತ್ತದೆ. ಬೇಡ. ಮೊದಲು ಕೊಟ್ಟಿದ್ದ ಅದೇ ವೇವ್ (WAV) ಆಡಿಯೋ ಫೈಲ್ ಕೊಡಿ. ಸೇವೆಗಳು ಕೋಡ್ ಜೊತೆ ಹಾಡಿನ ಉದ್ದ, ಆಡಿಯೋ, ಹೆಸರು ಎಲ್ಲವನ್ನೂ ಹೋಲಿಸುತ್ತವೆ. ಸರಿಮಾಡಿದ ಮಿಕ್ಸ್ ಕೇಳಿಸಲೇಬೇಕು ಅಂದರೆ ಅದನ್ನು ಬೇರೆ ಕೋಡ್‌ನಲ್ಲಿ ಹೊಸ ರೂಪವಾಗಿ ಬಿಡುಗಡೆ ಮಾಡಿ.

ಹೆಸರಿನ ಕಾಗುಣಿತವೂ ಅಷ್ಟೇ ಮುಖ್ಯ. ಕಲಾವಿದರ ಹೆಸರಿನಲ್ಲಿ ಹಿಂದೆ ಒಂದು 'ಎ' ಇದ್ದದ್ದು ಈಗ ಎರಡಾದರೆ, ಇನಿಷಿಯಲ್ ಪಕ್ಕದ ಚುಕ್ಕಿ ಬಿಟ್ಟುಹೋದರೆ, ಹಾಡು ನಿಮ್ಮದೇ ಹೆಸರಿನ ಇನ್ನೊಂದು ಖಾಲಿ ಪ್ರೊಫೈಲ್‌ಗೆ ಹೋಗಿ ಕೂರುತ್ತದೆ. ಹೊಸ ಡಿಸ್ಟ್ರಿಬ್ಯೂಟರ್ ಫಾರ್ಮ್‌ನಲ್ಲಿ ಈಗಿರುವ ಪ್ರೊಫೈಲ್ ಆರಿಸುವ ಅವಕಾಶ ಇದ್ದರೆ ಅದನ್ನು ಬಳಸಿ. ಮೂಲ ಬಿಡುಗಡೆ ದಿನಾಂಕದ ಜಾಗದಲ್ಲಿ ಹಳೆಯ ದಿನಾಂಕವನ್ನೇ ಹಾಕಿ.

ಎಲ್ಲ ಸರಿ ಇದ್ದರೂ ಎಣಿಕೆ ಕೂಡಲೇ ಸೇರುವುದಿಲ್ಲ. ಕೆಲವು ದಿನ ಹೊಸ ಪ್ರತಿಯ ಮುಂದೆ ಸೊನ್ನೆಯೇ ಕಾಣಬಹುದು. ಅದನ್ನು ನೋಡಿ ಗಾಬರಿಯಾಗಿ ಹೊಸದನ್ನು ತೆಗೆಸಿ ಮತ್ತೆ ಹಾಕುವವರಿದ್ದಾರೆ. ಸುಮ್ನೆ ಇರಿ. ಒಂದು ವಾರ ಕಳೆದರೂ ಸೇರದಿದ್ದರೆ ಹೊಸ ಡಿಸ್ಟ್ರಿಬ್ಯೂಟರ್‌ಗೆ ಬರೆಯಿರಿ, ಅಲ್ಲಿಯ ತನಕ ಹಳೆಯದು ಹಾಗೇ ಇರಲಿ. ಇದು ಬರೀ ದೊಡ್ಡ ಸಂಖ್ಯೆ ತೋರಿಸಿಕೊಳ್ಳುವ ಆಸೆಯಲ್ಲ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗಿದ್ದರೆ ಮಾತ್ರ ರೆಕಾರ್ಡಿಂಗ್ ರಾಯಲ್ಟಿ, ಅಂದರೆ ಆ ರೆಕಾರ್ಡಿಂಗ್ ಪ್ಲೇ ಆದದ್ದಕ್ಕೆ ಬರುವ ದುಡ್ಡು, ಸಿಗುತ್ತದೆ. ಚಿಕ್ಕ ಕಲಾವಿದರ ಒಂದೇ ಹಾಡು ಎರಡಾಗಿ ಒಡೆದುಹೋದರೆ ಎರಡೂ ಆ ಗೆರೆಯ ಕೆಳಗೆ ಉಳಿಯಬಹುದು.

ಒಂದು ಕಡೆ ಮಾತ್ರ ಈ ಕ್ರಮ ಉಲ್ಟಾ. ಯೂಟ್ಯೂಬ್‌ನ ಕಂಟೆಂಟ್ ಐಡಿ. ನಿಮ್ಮ ಹಾಡು ಬೇರೆಯವರ ವಿಡಿಯೋದಲ್ಲಿ ಬಂದರೆ ಪತ್ತೆಹಚ್ಚುವ ವ್ಯವಸ್ಥೆ ಅದು. ಅಲ್ಲಿ ಒಂದೇ ಪ್ರದೇಶದಲ್ಲಿ ಒಂದೇ ರೆಕಾರ್ಡಿಂಗಿಗೆ ಇಬ್ಬರು 'ಇದು ನಮ್ಮದು' ಅಂದರೆ ಮಾಲೀಕತ್ವದ ತಕರಾರು ಏಳುತ್ತದೆ. ಆದ್ದರಿಂದ ಹಳೆಯವರ ಹತ್ತಿರ ಕಂಟೆಂಟ್ ಐಡಿ ಸೇವೆ ಒಂದನ್ನು ಮೊದಲು ಬಿಡಿಸಿಕೊಳ್ಳಿ, ಆಮೇಲೆ ಹೊಸಬರ ಹತ್ತಿರ ಶುರುಮಾಡಿ. 'ಮೊದಲು ತೆಗೆಸಿ' ಅನ್ನುವ ಮಾತು ಬಹುಶಃ ಇಲ್ಲಿಂದಲೇ ಹೊರಟು ಎಲ್ಲ ಕಡೆಗೂ ಹಬ್ಬಿತು ಅಂತ ನನ್ನ ಅನುಮಾನ.

ಹಳೆಯ ಅಕೌಂಟನ್ನು ಹಾಡು ತೆಗೆಸಿದ ದಿನವೇ ಮುಚ್ಚಬೇಡಿ. ಸೇವೆಗಳ ಲೆಕ್ಕ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ. ಕೊನೆಯ ತಿಂಗಳುಗಳ ದುಡ್ಡು ಅಲ್ಲಿಗೇ ಬರುವುದು.

ನೀವು ಕೇಳದ ಒಂದು ಪ್ರಶ್ನೆಯೂ ನನ್ನ ತಲೆಯಲ್ಲಿದೆ. ಬದಲಿಸುವುದು ಯಾಕೆ ಅಂತ ನೀವು ಬರೆದಿಲ್ಲ. ಎಷ್ಟೋ ಜನ ವರ್ಷದ ಶುಲ್ಕ ಯಾರದ್ದು ಕಡಿಮೆ ಅಂತ ಮಾತ್ರ ನೋಡುತ್ತಾರೆ. ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಹಾಡು ಏನಾಗುತ್ತದೆ ಅಂತ ಕೇಳುವವರು ಕಡಿಮೆ. ವರ್ಷವರ್ಷ ಕಟ್ಟಬೇಕಾದ ಕಡೆ ಸಾಮಾನ್ಯವಾಗಿ ಕಟ್ಟುವುದು ನಿಂತರೆ ಹಾಡು ಇಳಿಯುತ್ತದೆ. ಕಾರ್ಡ್ ಅವಧಿ ಮುಗಿದು, ಎಚ್ಚರಿಕೆಯ ಇಮೇಲ್ ಗಮನಕ್ಕೆ ಬಾರದೆ ಹೋದರೂ ಇಳಿಯುತ್ತದೆ. ಇನ್ನು ಕೆಲವರು ಒಂದೇ ಸಲ ಶುಲ್ಕ ತೆಗೆದುಕೊಂಡು ಬಂದ ಆದಾಯದಲ್ಲಿ ಪಾಲು ಇಟ್ಟುಕೊಳ್ಳುತ್ತಾರೆ. ಅಲ್ಲಿ ಖರ್ಚು ಮೊದಲಿಗೆ ಜಾಸ್ತಿ ಅನಿಸಬಹುದು, ಆದರೆ ನೀವು ಐದು ವರ್ಷ ಸಂಗೀತದಿಂದ ದೂರ ಇದ್ದರೂ ಹಾಡು ಉಳಿಯುತ್ತದೆ. ತಿಂಗಳಿಗೊಂದು ಹಾಡು ಬಿಡುವವರಿಗೆ ವರ್ಷದ ಶುಲ್ಕವೇ ಲಾಭ. ಜೀವನದಲ್ಲಿ ಒಂದೇ ಆಲ್ಬಮ್ ಮಾಡಿ, ಅದು ಉಳಿದರೆ ಸಾಕು ಅನ್ನುವವರಿಗೆ ಅದು ಸರಿಯಾದ ದಾರಿ ಅಲ್ಲ.

ಹಾಡುಗಾರರು ತೀರಿಕೊಂಡ ಮೇಲೆ ಅವರ ಧ್ವನಿ ಒಂದು ವರ್ಷದೊಳಗೆ ಎಲ್ಲ ಕಡೆಯಿಂದ ಇಳಿದುಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮನೆಯವರಿಗೆ ಡಿಸ್ಟ್ರಿಬ್ಯೂಟರ್ ಅನ್ನುವ ಪದವೇ ಗೊತ್ತಿರಲಿಲ್ಲ. ಆದ್ದರಿಂದ ಆರು ಹಾಡುಗಳ ಕೋಡ್‌ಗಳು, ಡಿಸ್ಟ್ರಿಬ್ಯೂಟರ್ ಹೆಸರು, ಶುಲ್ಕ ಕಟ್ಟುವ ದಿನ, ವೇವ್ ಫೈಲ್‌ಗಳು ಎಲ್ಲಿವೆ ಅನ್ನುವುದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಮನೆಯಲ್ಲಿ ಒಬ್ಬರಿಗೆ ಅದನ್ನು ತೋರಿಸಿ, ಒಂದು ಪ್ರತಿ ಅವರ ಹತ್ತಿರವೇ ಇರಲಿ.