ನ್ಯಾಶ್‌ವಿಲ್ಲನ್ನು ಮನೆಯಲ್ಲಿ ಕೇಳುವುದು

ರಾಬರ್ಟ್ ಆಲ್ಟ್‌ಮನ್ ನಿರ್ದೇಶನದ ‘ನ್ಯಾಶ್‌ವಿಲ್’ ಚಿತ್ರವನ್ನು ನಾನು ಮೊದಲು ನೋಡಿದ್ದು ಕ್ಯಾಸೆಟ್ಟಿನಲ್ಲಿ. ಆಗ ಡಬ್ಬಿಂಗ್ ಥಿಯೇಟರಿನಲ್ಲಿ ಕೇಬಲ್ ಸುತ್ತಿಡುವುದೇ ನನ್ನ ಕೆಲಸ. ಅದರಲ್ಲಿ ನಟ ಕೀತ್ ಕ್ಯಾರಡೈನ್ ಗಿಟಾರ್ ಹಿಡಿದು ಹಾಡುವ ‘ಐಯಾಮ್ ಈಸಿ’ ಮನಸ್ಸಿಗೆ ಹಿಡಿಸಿಬಿಟ್ಟಿತ್ತು. ಟೀವಿ ಮುಂದೆ ಹಾರ್ಮೋನಿಯಂ ಎಳೆದುಕೊಂಡು ಕೂತೆ. ಬಿಳಿ ಮನೆ ಒತ್ತಿದರೆ ಹಾಡು ಅದಕ್ಕಿಂತ ಮೇಲೆ, ಪಕ್ಕದ ಕರಿ ಮನೆ ಒತ್ತಿದರೆ ಹಾಡು ಅದಕ್ಕಿಂತ ಕೆಳಗೆ. ಎಷ್ಟು ತಿಣುಕಿದರೂ ಶ್ರುತಿ ಕೂಡಲಿಲ್ಲ. ನನ್ನ ಕಿವಿಯೇ ಸರಿಯಿಲ್ಲವೇನೋ ಎಂದುಕೊಂಡು ಪೆಟ್ಟಿಗೆ ಮುಚ್ಚಿದ್ದೆ.

ತಪ್ಪು ಕಿವಿಯದಲ್ಲ ಎಂದು ಗೊತ್ತಾಗಲು ಕೆಲವು ವರ್ಷ ಬೇಕಾಯಿತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ. ನಮ್ಮ ದೇಶದ ಟೀವಿ ಅನುಸರಿಸಿದ ಪಾಲ್ ಪದ್ಧತಿಗೆ ಬೇಕಾದದ್ದು 25. ಇದಕ್ಕೆ ಸುಲಭದ ದಾರಿಯೆಂದರೆ ಇಡೀ ಚಿತ್ರವನ್ನೇ ಚೂರು ವೇಗವಾಗಿ ಓಡಿಸಿ ಕ್ಯಾಸೆಟ್ಟಿಗೆ ಇಳಿಸುವುದು. 160 ನಿಮಿಷದ ಚಿತ್ರ 153 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಮಾತು ನಾಲ್ಕು ಪರ್ಸೆಂಟ್ ವೇಗವಾದರೆ ಯಾರಿಗೂ ತಿಳಿಯದು. ಹಾಡಿನ ವಿಷಯ ಹಾಗಲ್ಲ. ಶ್ರುತಿ ಮುಕ್ಕಾಲು ಸ್ವರಸ್ಥಾನಕ್ಕೆ ಹತ್ತಿರಹತ್ತಿರ ಏರುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡುವವರನ್ನು ಒಂದೂವರೆಯ ಸಮೀಪಕ್ಕೆ ಎತ್ತಿ ಕೂರಿಸಿದ ಹಾಗೆ. ಅದೂ ಪೂರ್ತಿ ಒಂದೂವರೆಗೆ ಮುಟ್ಟದೆ ಎರಡು ಮನೆಗಳ ನಡುವೆ ನಿಂತುಬಿಡುತ್ತದೆ. ಹಾಡುಗಾರನ ಎದೆಯ ತೂಕ ಕಡಿಮೆಯಾಗಿ, ದನಿ ತೆಳುವಾಗಿ ಕೇಳುತ್ತದೆ. ಶ್ರುತಿಯನ್ನು ಮತ್ತೆ ಇಳಿಸಿ ಸರಿಮಾಡುವ ಉಪಕರಣಗಳಿವೆ, ಆದರೆ ಆ ಶ್ರಮ ತೆಗೆದುಕೊಳ್ಳದ ಪ್ರತಿಗಳೇ ನನ್ನ ಕೈಗೆ ಹೆಚ್ಚು ಸಿಕ್ಕಿವೆ. ಬೇರೆ ಚಿತ್ರವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಇಲ್ಲಿ ಒಂದು ಗಂಟೆಗೂ ಮೀರಿ ಹಾಡಿದೆ.

1974ರ ಬೇಸಿಗೆಯಲ್ಲಿ ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲೇ ಚಿತ್ರೀಕರಿಸಿ, 1975ರಲ್ಲಿ ಬಿಡುಗಡೆಯಾದ ಚಿತ್ರ ಇದು. ಕಂಟ್ರಿ ಎಂಬ ಹಳ್ಳಿಗಾಡಿನ ಸೊಗಡಿನ ಸಂಗೀತದ ರಾಜಧಾನಿ ಆ ಊರು. ಐದು ದಿನದ ಕಥೆ, 24 ಮುಖ್ಯ ಪಾತ್ರಗಳು. ಹೆಸರು ಮಾಡಿದ ಹಾಡುಗಾರರು, ಹೆಸರಿಗಾಗಿ ಬಂದವರು, ಮುಖವನ್ನೇ ತೋರಿಸದ ಒಬ್ಬ ರಾಜಕಾರಣಿ, ಅವನ ಭಾಷಣ ಬಿತ್ತರಿಸುತ್ತ ಬೀದಿಬೀದಿ ಸುತ್ತುವ ಮೈಕಿನ ವ್ಯಾನು. ಹಾಡುಗಳಲ್ಲಿ ಅನೇಕವನ್ನು ನಟರೇ ಬರೆದರು. ಕ್ಯಾರಡೈನ್, ರೋನಿ ಬ್ಲೇಕ್ಲಿ, ಕರೆನ್ ಬ್ಲ್ಯಾಕ್ ತಮ್ಮ ಹಾಡು ತಾವೇ ಕಟ್ಟಿಕೊಂಡರು. ‘ಐಯಾಮ್ ಈಸಿ’ಗೆ ಆಸ್ಕರ್ ಬಂತು. ನಮ್ಮೂರಿನ ನಿಜವಾದ ಹಾಡುಗಳನ್ನು ಬಳಸಲಿಲ್ಲವೆಂದು ಅಲ್ಲಿನ ಸಂಗೀತಗಾರರು ಮುನಿಸಿಕೊಂಡರು. ಅವರ ಮುನಿಸು ನನಗೆ ಅರ್ಥವಾಗುತ್ತದೆ, ಆದರೂ ಆಲ್ಟ್‌ಮನ್ ಮಾಡಿದ್ದೇ ಸರಿ. ಹಾಡು ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಆ ಪಾತ್ರ ಎಂಥ ಹಾಡು ಕಟ್ಟೀತು ಎನ್ನುವುದು ಇಲ್ಲಿ ಮುಖ್ಯ. ಚಿತ್ರದ ಹಿರಿಯ ಗಾಯಕನ ಪಾತ್ರ ಹೇವನ್ ಹ್ಯಾಮಿಲ್ಟನ್ ಎದೆಯುಬ್ಬಿಸಿ ಹಾಡುವ ದೇಶಭಕ್ತಿಯ ಹಾಡು ಅವನಷ್ಟೇ ಬಿಗುಮಾನದ್ದು.

ನಮ್ಮಲ್ಲಿ ಹಾಡು ಮೊದಲು ಸ್ಟುಡಿಯೋದಲ್ಲಿ ರೆಕಾರ್ಡಾಗುತ್ತದೆ. ಸೆಟ್ಟಿನಲ್ಲಿ ಅದನ್ನೇ ಹಾಕಿ (ಹಿಂದೆ ನಾಗ್ರಾ ಎಂಬ ಟೇಪ್ ಯಂತ್ರದಲ್ಲಿ) ತುಟಿ ಆಡಿಸುತ್ತಾರೆ. ಪಿಬಿಎಸ್, ಜಾನಕಮ್ಮ ಇವರ ದನಿಯಲ್ಲಿ ಬೆಳೆದ ನಾನು ಆ ಪದ್ಧತಿಯ ಮಗನೇ. ನ್ಯಾಶ್‌ವಿಲ್‌ನಲ್ಲಿ ನಟರು ಕ್ಯಾಮೆರಾ ಎದುರಿಗೇ, ನಿಜವಾದ ವಾದ್ಯಗಾರರ ಜೊತೆ, ಎದುರಿಗೆ ಜನರನ್ನಿಟ್ಟುಕೊಂಡು ಹಾಡಿದರು. ಶಬ್ದಗ್ರಾಹಕ ಜಿಮ್ ವೆಬ್ ಒಬ್ಬೊಬ್ಬ ನಟನ ಬಟ್ಟೆಯೊಳಗೂ ವೈರ್‌ಲೆಸ್ ಮೈಕ್ ಅಡಗಿಸಿ, ಎಂಟು ಟ್ರ್ಯಾಕಿನ ಯಂತ್ರದಲ್ಲಿ ಬೇರೆಬೇರೆಯಾಗಿ ಹಿಡಿದರು. ಅದಕ್ಕೆ ಮುಂಚೆ ಆಲ್ಟ್‌ಮನ್ ‘ಕ್ಯಾಲಿಫೋರ್ನಿಯಾ ಸ್ಪ್ಲಿಟ್’ ಚಿತ್ರದಲ್ಲಿ ಈ ಏರ್ಪಾಟನ್ನು ಪ್ರಯೋಗಿಸಿ ನೋಡಿದ್ದರು. ಸಂಗೀತಕ್ಕೆಂದೇ ಇನ್ನೊಂದು ಬಹುಟ್ರ್ಯಾಕ್ ಯಂತ್ರವಿತ್ತು.

ಇದರಿಂದ ಆದ ಲಾಭ ಏನೆಂದು ಮಿಕ್ಸಿಂಗ್ ಮೇಜಿನ ಮುಂದೆ ಕೂತವರಿಗೆ ತಕ್ಷಣ ಹೊಳೆಯುತ್ತದೆ. ಕೋಲಿಗೆ ಕಟ್ಟಿ ಹಿಡಿದ ಒಂದೇ ಬೂಮ್ ಮೈಕಿನಲ್ಲಿ ಎಂಟು ಜನ ಒಟ್ಟಿಗೆ ಮಾತಾಡಿದರೆ ಸಂತೆ ಗದ್ದಲ. ಎಂಟು ಟ್ರ್ಯಾಕಿನಲ್ಲಿ ಬಂದರೆ, ಯಾರನ್ನು ಮುಂದೆ ತರಬೇಕು, ಯಾರು ಗೊಣಗುತ್ತಾ ಹಿಂದೆ ಇರಬೇಕು ಎಂದು ಆಮೇಲೆ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಮೇಲೆ ತೀರ್ಮಾನಿಸಬಹುದು. ವಿಮಾನ ನಿಲ್ದಾಣದ ದೃಶ್ಯ ಕೇಳಿ. ಬ್ಯಾಂಡ್ ವಾದ್ಯ, ಟೀವಿ ವರದಿಗಾರನ ಮಾತು, ಅಭಿಮಾನಿಗಳ ಕೂಗು, ಕಾಫಿ ಅಂಗಡಿಯ ಹರಟೆ, ಎಲ್ಲವೂ ಒಂದರ ಮೇಲೊಂದು ಬರುತ್ತವೆ. ಆದರೂ ಕಿವಿಗೊಟ್ಟರೆ ಪ್ರತಿ ಎಳೆಯೂ ಬಿಡಿಯಾಗಿ ಸಿಗುತ್ತದೆ. ಬ್ಲೇಕ್ಲಿ ಮಾಡಿದ ಗಾಯಕಿಯ ಪಾತ್ರ ಬಾರ್ಬರಾ ಜೀನ್ ವೇದಿಕೆಯ ಮೇಲೆ ಹಾಡು ನಿಲ್ಲಿಸಿ ಅಜ್ಜಿಯ ಕಥೆ ಹೇಳುತ್ತಾ ಹೇಳುತ್ತಾ ದಾರಿ ತಪ್ಪುವ ದೃಶ್ಯವಿದೆಯಲ್ಲ, ಆ ಮಾತನ್ನು ಬ್ಲೇಕ್ಲಿಯೇ ಬರೆದದ್ದು. ಅಲ್ಲಿ ನಾನು ಕೇಳುವುದು ಅವಳ ಹಿಂದಿನ ವಾದ್ಯದವರನ್ನು. ಎತ್ತಿಕೊಳ್ಳುತ್ತಾರೆ, ಬಿಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಆ ಅಳುಕನ್ನು ಸ್ಟುಡಿಯೋದಲ್ಲಿ ಹುಟ್ಟಿಸಲು ನನ್ನಿಂದಾಗದು.

ಕ್ಯಾಸೆಟ್ಟಿನಲ್ಲಿ ಇದು ಕಾಲುಭಾಗವೂ ಉಳಿದಿರಲಿಲ್ಲ. ಶ್ರುತಿಯ ಜೊತೆ ಚಿತ್ರವೂ ಕೆಟ್ಟಿತ್ತು. 2.35ಕ್ಕೆ 1ರ ಅಗಲದ ಚೌಕಟ್ಟನ್ನು ಹಳೆಯ ಟೀವಿಯ 1.33ಕ್ಕೆ ಕತ್ತರಿಸಿದರೆ ಉಳಿಯುವುದು ನೂರಕ್ಕೆ 57 ಭಾಗ. ಯಾರೋ ಮಾತಾಡುತ್ತಾರೆ, ಆ ಯಾರೋ ಪರದೆಯಲ್ಲಿಲ್ಲ. ಕಾಣದ ಬಾಯಿಯ ಮಾತನ್ನು ಕಿವಿ ಗದ್ದಲವೆಂದೇ ಎಣಿಸುತ್ತದೆ. ಕಣ್ಣು ಗುರುತಿಸಿದ ಮೇಲೆಯೇ ಕಿವಿ ಆ ದನಿಯನ್ನು ಬೇರ್ಪಡಿಸಿಕೊಳ್ಳುವುದು. ‘ಐಯಾಮ್ ಈಸಿ’ ಹಾಡುವಾಗ ಅಲ್ಲಿ ಕೂತ ನಾಲ್ವರು ಹೆಂಗಸರೂ ಇದು ತನಗೇ ಎಂದುಕೊಳ್ಳುತ್ತಾರೆ. ಕ್ಯಾಮೆರಾ ಮಾತ್ರ ನಿಧಾನವಾಗಿ, ಹಿಂದೆ ಒಬ್ಬರೇ ಕೂತ ನಟಿ ಲಿಲಿ ಟಾಮ್ಲಿನ್‌ರತ್ತ ಸರಿಯುತ್ತದೆ. ಅವರ ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸಿದರೆ ಆ ಒಂಟಿತನವೂ ಕತ್ತರಿಸಿ ಹೋಯಿತು.

2000ದಲ್ಲಿ ಪ್ಯಾರಾಮೌಂಟ್ ಡಿವಿಡಿ ತಂದಿತು, ಅದರಲ್ಲಿ ಆಲ್ಟ್‌ಮನ್ ಅವರದೇ ವ್ಯಾಖ್ಯಾನವಿದೆ. 2013ರ ಡಿಸೆಂಬರಿನಲ್ಲಿ ಕ್ರೈಟೀರಿಯನ್ ಸಂಸ್ಥೆ ಹೊಸದಾಗಿ ಸ್ಕ್ಯಾನ್ ಮಾಡಿ ಬ್ಲೂ-ರೇ ಹೊರತಂದಿತು, 5.1 ಎಂಬ ಆರು ಚಾನೆಲ್ಲಿನ ಶಬ್ದದಲ್ಲಿ. 2021ರಲ್ಲಿ ಪ್ಯಾರಾಮೌಂಟ್‌ನಿಂದ ಮತ್ತೊಂದು ಬ್ಲೂ-ರೇ ಬಂತು. ಕೊಳ್ಳುವುದಾದರೆ ಬ್ಲೂ-ರೇ ಕೊಳ್ಳಿ. ಅದು 24 ಚೌಕಟ್ಟಿನ ವೇಗವನ್ನೇ ಇಟ್ಟುಕೊಳ್ಳುವುದರಿಂದ ಶ್ರುತಿಯ ತಂಟೆಯಿಲ್ಲ.

ಡಿಸ್ಕ್ ಒಳ್ಳೆಯದಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಥಿಯೇಟರಿಗೆ ಮಿಕ್ಸ್ ಮಾಡುವಾಗ ನಾವು ಸ್ಪೀಕರುಗಳನ್ನು 85 ಡೆಸಿಬಲ್ಲಿಗೆ ಅಳೆದು ಕೂರುತ್ತೇವೆ. ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಇಡುವುದಿಲ್ಲ, ಇಡಲೂ ಬಾರದು. ಆಗ ಮೊದಲು ಮುಳುಗುವುದು ಹಿಂದಿನ ಸಣ್ಣ ದನಿಗಳು. ಅವುಗಳ ಮೇಲೆ ಸೀಲಿಂಗ್ ಫ್ಯಾನಿನ ಸದ್ದು ಕೂರುತ್ತದೆ. ಬೇರೆ ಚಿತ್ರಗಳಲ್ಲಿ ಅದು ಬರೀ ವಾತಾವರಣ, ಹೋದರೂ ಕಥೆ ಉಳಿಯುತ್ತದೆ. ಇಲ್ಲಿ ಕಥೆ ಇರುವುದೇ ಅದರಲ್ಲಿ.

ಟೀವಿಯ ಒಳಗಿನ ಸ್ಪೀಕರು ಬಹಳಷ್ಟು ಸೆಟ್ಟುಗಳಲ್ಲಿ ನೆಲಕ್ಕೋ ಗೋಡೆಗೋ ಮುಖ ಮಾಡಿರುತ್ತದೆ. ಸಾಧಾರಣ ಬೆಲೆಯ ಎರಡು ಸ್ಪೀಕರನ್ನು ಟೀವಿಯ ಎಡಬಲಕ್ಕೆ, ಕಿವಿಯ ಎತ್ತರಕ್ಕೆ ಇಟ್ಟರೆ ಅರ್ಧ ಸಮಸ್ಯೆ ಹೋಯಿತು. ಎರಡೇ ಸ್ಪೀಕರಿದ್ದರೆ ಪ್ಲೇಯರಿನಲ್ಲಿ ಶಬ್ದವನ್ನು ಸ್ಟೀರಿಯೋಗೆ ಇಡಿ. ಆಗ ನಡುವಿನ ಚಾನೆಲ್ಲಿನ ಮಾತು ಎರಡೂ ಕಡೆ ಸಮನಾಗಿ ಹಂಚಿಕೆಯಾಗುತ್ತದೆ. ಟೀವಿಯಲ್ಲಿರುವ ನಕಲಿ ಸರೌಂಡ್ (ಸುತ್ತಲಿಂದ ಬಂದಂತೆ ಕೇಳಿಸುವ) ಸೌಲಭ್ಯವನ್ನು ನಿಲ್ಲಿಸಿಬಿಡಿ, ಅದು ಮಾತನ್ನು ಬಾವಿಯೊಳಗೆ ತಳ್ಳುತ್ತದೆ. ರಾತ್ರಿ ಮೋಡ್ ಎಂದು ಒಂದಿರುತ್ತದೆ. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸುತ್ತದೆ. ಪಕ್ಕದ ಮನೆಯವರಿಗೆ ತೊಂದರೆಯಾಗದಿರಲಿ ಎಂದು ಬಳಸಬಹುದು, ಆದರೆ ಈ ಚಿತ್ರದಲ್ಲಿ ಅದು ಎಲ್ಲರನ್ನೂ ಒಂದೇ ಸಾಲಿಗೆ ತಂದು ನಿಲ್ಲಿಸಿ, ಮಿಕ್ಸ್ ಮಾಡಿದವರ ಆಯ್ಕೆಯನ್ನೇ ಅಳಿಸುತ್ತದೆ.

ಸಬ್‌ಟೈಟಲ್ ಬಗ್ಗೆಯೂ ಒಂದು ಮಾತು. ಒಟ್ಟಿಗೆ ಐದು ಜನ ಆಡಿದ ಮಾತಿನಲ್ಲಿ ಸಬ್‌ಟೈಟಲ್ಲಿಗೆ ಹಿಡಿಸುವುದು ಒಬ್ಬರದೋ ಇಬ್ಬರದೋ. ಓದತೊಡಗಿದ ಕೂಡಲೇ ಕಿವಿ ಆ ಸಾಲಿನ ಹಿಂದೆಯೇ ಹೋಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಉಚ್ಚಾರ ನಮಗೆ ಕಷ್ಟ, ಹಾಗಾಗಿ ಮೊದಲ ಸಲ ಬೇಕೇ ಬೇಕು. ಎರಡನೇ ಸಲ ಅದನ್ನು ತೆಗೆದು ನೋಡಿ.

ಲಿಲಿ ಟಾಮ್ಲಿನ್ ಮಾಡಿದ ಲಿನಿಯಾಳ ಇಬ್ಬರು ಮಕ್ಕಳಿಗೂ ಕಿವಿ ಕೇಳಿಸದು. ಹುಡುಗ ತಾನು ಈಜಿದ ಸುದ್ದಿಯನ್ನು ಕೈಸನ್ನೆಯಲ್ಲಿ, ಒಡೆದ ಮಾತಿನಲ್ಲಿ ಹೇಳುತ್ತಾನೆ. ತಾಯಿ ಕಣ್ಣರಳಿಸಿ ಕೇಳುತ್ತಾಳೆ. ತಂದೆಗೆ ಆ ಸನ್ನೆ ಬರುವುದಿಲ್ಲ. ಇಷ್ಟೆಲ್ಲ ದನಿಗಳ ನಡುವೆ ಆ ಮನೆಯೊಂದೇ ತಣ್ಣಗಿದೆ. ಅಲ್ಲಿ ಸದ್ದು ಬರಲಿಲ್ಲವೆಂದು ರಿಮೋಟ್ ಎತ್ತಿಕೊಳ್ಳಬೇಡಿ. ಆ ಹೊತ್ತಿಗೆ ಫ್ಯಾನನ್ನೂ ಆರಿಸಿಬಿಟ್ಟರೆ ಇನ್ನೂ ಒಳ್ಳೆಯದು.